ಮುಗಿಯದ ಪರೀಕ್ಷೆಗೊಂದು ಕಾಲಮಿತಿ

ಶಿರಸಿಯಿಂದ ಯಲ್ಲಾಪುರದ ಕಡೆಗೆ ಸುಮಾರು 20 ಕಿಲೋಮೀಟರ್ ಸಾಗಿದರೆ ಸೋಂದಾ. ಮಳೆಗಾಲದ ಒಂದು ರಾತ್ರಿ ಅಲ್ಲಿನ ಅಡಿಕೆ ತೋಟದಂಚಿನ ಮನೆಯೊಂದರಲ್ಲಿ, ಎಂಜಿನಿಯರಿಂಗ್ ಕೊನೆಯ ವರ್ಷದ ಹುಡುಗನೊಬ್ಬ ಲ್ಯಾಪ್‌ಟಾಪ್ ಮುಂದೆ ಕುಳಿತಿದ್ದಾನೆ ಎಂದಿಟ್ಟುಕೊಳ್ಳಿ. ಮರುದಿನ ಬೆಳಿಗ್ಗೆ ಹತ್ತಕ್ಕೆ ಪ್ರಾಜೆಕ್ಟ್ ಒಪ್ಪಿಸಬೇಕು. ಊರಿಗೆ ಒಪ್ಪುವ ವಿಷಯವನ್ನೇ ಆರಿಸಿಕೊಂಡಿದ್ದಾನೆ. ಯಾವ ಬೆಳೆಗಾರ ಎಷ್ಟು ಚೀಲ ಅಡಿಕೆ ತಂದ, ಅದರಲ್ಲಿ ಚಾಲಿ ಎಷ್ಟು, ರಾಶಿ ಎಷ್ಟು, ಆ ದಿನದ ದರದಲ್ಲಿ ಅವನಿಗೆ ಸಲ್ಲಬೇಕಾದ ಹಣವೆಷ್ಟು ಎಂದು ಲೆಕ್ಕ ಇಡುವ ತಂತ್ರಾಂಶ. ಲೆಕ್ಕ ಸರಿಯಾಗಿ ಬರುತ್ತಿದೆಯೇ ಎಂದು ನೋಡಲು 240 ಪುಟ್ಟ ಪರೀಕ್ಷೆಗಳನ್ನೂ ಬರೆದಿದ್ದಾನೆ. ಒಂದು ಕೀಲಿ ಒತ್ತಿದರೆ ಸಾಕು, ಅವು ತಾವೇ ಒಂದರ ಹಿಂದೊಂದು ನಡೆದು, ಪಾಸಾದರೆ ಹಸಿರು, ಫೇಲಾದರೆ ಕೆಂಪು ತೋರಿಸುತ್ತವೆ. ಎಲ್ಲವೂ ಸೇರಿ ಎರಡು ನಿಮಿಷದ ಕೆಲಸ.

ಆ ರಾತ್ರಿ ಮಾತ್ರ 172 ಹಸಿರು ಗುರುತು ಬಂದು, 173ನೆಯದು ನಿಂತಿದೆ. ಕೆಂಪೂ ಇಲ್ಲ, ಹಸಿರೂ ಇಲ್ಲ. ಗಂಟೆ ಒಂಬತ್ತಾಯಿತು, ಹತ್ತಾಯಿತು. ಒಳಗಿನಿಂದ ತಾಯಿ ಕೇಳುತ್ತಾಳೆ: ‘ಇನ್ನೂ ಮುಗದ್ದಿಲ್ಯ ತಮಾ?’

‘ಓಡ್ತಾ ಇದ್ದು ಆಯಿ.’

ಈ ಉತ್ತರವನ್ನು ಕೇಳದ ಮನೆ ಈಗ ಕರ್ನಾಟಕದಲ್ಲಿ ಕಡಿಮೆ. ಕಂಪ್ಯೂಟರ್ ಓದುವ ಮಕ್ಕಳಿರುವ ಮನೆಗಳಲ್ಲಿ ಅಪ್ಪ ಅಮ್ಮಂದಿರು ಇದನ್ನು ಕೇಳಿ, ಏನೋ ದೊಡ್ಡ ಕೆಲಸ ನಡೆದಿದೆಯೆಂದು ನಂಬಿ ಮಲಗುತ್ತಾರೆ. ಹುಡುಗನೂ ಅಷ್ಟೇ ಪ್ರಾಮಾಣಿಕವಾಗಿ ನಂಬಿರುತ್ತಾನೆ. ಆದರೆ ಓಡುತ್ತಿರುವುದಕ್ಕೂ ಸಿಕ್ಕಿಬಿದ್ದಿರುವುದಕ್ಕೂ ಹೊರಗಿನಿಂದ ನೋಡುವವನಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ ಎಂಬುದೇ ಇಲ್ಲಿನ ಕಷ್ಟ.

ಬಹಳ ಕಡೆ ಪರೀಕ್ಷೆಗೆ ಎರಡೇ ಫಲಿತಾಂಶ ಎಂದು ಕಲಿಸುತ್ತಾರೆ: ಪಾಸು ಅಥವಾ ಫೇಲು. ಫೇಲಾದ ಪರೀಕ್ಷೆ ಉಪಕಾರಿ. ಇಂಥ ಕಡೆ, ಇಂಥ ಸಾಲಿನಲ್ಲಿ ತಪ್ಪಿದೆ ಎಂದು ಬೆರಳು ತೋರಿಸುತ್ತದೆ. ಮುಗಿಯದೇ ಉಳಿದ ಪರೀಕ್ಷೆ ಹಾಗಲ್ಲ. ಅದು ತಾನೂ ಏನೂ ಹೇಳುವುದಿಲ್ಲ, ತನ್ನ ಹಿಂದೆ ಸಾಲಿನಲ್ಲಿ ನಿಂತ 67 ಪರೀಕ್ಷೆಗಳಿಗೂ ಬಾಯಿ ಬಿಡಲು ಕೊಡುವುದಿಲ್ಲ. ಆದ್ದರಿಂದ ತಂತ್ರಾಂಶ ಕಟ್ಟುವವರು ಪ್ರತಿ ಪರೀಕ್ಷೆಗೂ, ಬರೆದ ಸಾಲುಗಳನ್ನೆಲ್ಲ ಒಟ್ಟುಗೂಡಿಸಿ ಓಡಬಲ್ಲ ಪ್ರೋಗ್ರಾಂ ಆಗಿ ಕಟ್ಟುವ ‘ಬಿಲ್ಡ್’ ಎಂಬ ಕೆಲಸಕ್ಕೂ ಒಂದು ಗಡುವು ಹಾಕುತ್ತಾರೆ. ಇಷ್ಟು ಹೊತ್ತಿನೊಳಗೆ ಮುಗಿಯದಿದ್ದರೆ ನಿಲ್ಲಿಸಿಬಿಡು, ಸೋತಿತೆಂದು ಬರೆದುಕೋ ಎಂಬ ಆಜ್ಞೆ. ಅದಕ್ಕೆ ‘ಟೈಮ್‌ಔಟ್’ ಎಂದು ಹೆಸರು. ರಾತ್ರಿಯಿಡೀ ನಡೆಯುತ್ತಿದ್ದ ಯಕ್ಷಗಾನವನ್ನು ಕೆಲವೇ ಗಂಟೆಗಳಿಗೆ ಇಳಿಸಿದಾಗ ನಮ್ಮ ಜನ ‘ಕಾಲಮಿತಿ’ ಎಂದರಲ್ಲ, ಆ ಶಬ್ದವೇ ಇದಕ್ಕೂ ಚೆನ್ನಾಗಿ ಹೊಂದುತ್ತದೆ. ಆಟಕ್ಕೆ ಕಾಲಮಿತಿ ಬೇಕೇ ಬೇಡವೇ ಎಂಬ ಜಗಳ ಇನ್ನೂ ಮುಗಿದಿಲ್ಲ. ತಂತ್ರಾಂಶದ ಪರೀಕ್ಷೆಯ ಮಟ್ಟಿಗೆ ಆ ಜಗಳವಿಲ್ಲ.

ಅಷ್ಟು ವೇಗದ ಯಂತ್ರ ಸಿಕ್ಕಿಬೀಳುವುದಾದರೂ ಏಕೆ? ಕಾರಣಗಳು ಸಾಮಾನ್ಯವಾದವೇ. ತಪ್ಪಾಗಿ ಬರೆದ ಆವರ್ತನೆಯೊಂದು ಗಾಣದೆತ್ತಿನಂತೆ ಸುತ್ತುತ್ತಲೇ ಇರಬಹುದು. ಅಥವಾ ಪ್ರೋಗ್ರಾಮಿನ ಎರಡು ಭಾಗಗಳು ಒಂದಕ್ಕೊಂದು ಕಾಯುತ್ತಿರಬಹುದು. ಸೊಸೈಟಿಯ ಕಚೇರಿಯಲ್ಲಿ ಒಬ್ಬ ಗುಮಾಸ್ತರ ಕೈಯಲ್ಲಿ ಲೆಕ್ಕದ ಪುಸ್ತಕ, ಇನ್ನೊಬ್ಬರ ಕೈಯಲ್ಲಿ ಮೊಹರು ಇದೆಯೆನ್ನಿ. ಇವರಿಗೆ ಮೊಹರು ಸಿಗುವವರೆಗೆ ಪುಸ್ತಕ ಬಿಡುವುದಿಲ್ಲ, ಅವರಿಗೆ ಪುಸ್ತಕ ಸಿಗುವವರೆಗೆ ಮೊಹರು ಬಿಡುವುದಿಲ್ಲ. ಇಬ್ಬರೂ ನಿಯಮದ ಪ್ರಕಾರವೇ ನಡೆಯುತ್ತಿದ್ದಾರೆ, ಸಂಜೆಯವರೆಗೂ ಒಂದು ರಸೀತಿಯೂ ಹೊರಬೀಳುವುದಿಲ್ಲ. ಇನ್ನೊಂದು ಕಾರಣ ಕೇಳಿದರೆ ನಗು ಬರುತ್ತದೆ. ಅಪರಾತ್ರಿ ಎರಡು ಗಂಟೆಗೆ ತನ್ನಷ್ಟಕ್ಕೆ ನಡೆಯುತ್ತಿದ್ದ ಬಿಲ್ಡ್ ಹಠಾತ್ತನೆ ‘ಹಳೆಯ ಕಡತದ ಮೇಲೆಯೇ ಬರೆಯಲೇ? ಹೌದು ಅಥವಾ ಇಲ್ಲ’ ಎಂದು ಕೇಳಿ, ಉತ್ತರಕ್ಕಾಗಿ ಬೆಳಗಿನವರೆಗೆ ವಿನಯದಿಂದ ಕಾದಿರುತ್ತದೆ. ಕೀಲಿಮಣೆಯ ಮುಂದೆ ಯಾರೂ ಇರುವುದಿಲ್ಲ.

ನಮ್ಮ ಹುಡುಗನ 173ನೆಯ ಪರೀಕ್ಷೆಯ ಕಾರಣ ಇವಾವುದೂ ಅಲ್ಲ. ಅದು ಅಂದಿನ ಅಡಿಕೆ ದರವನ್ನು ಅಂತರ್ಜಾಲದಿಂದ ತರಲು ಹೋಗಿದೆ. ಘಟ್ಟದ ಮೇಲೆ ಮಳೆ, ನೆಟ್‌ವರ್ಕ್ ಅರ್ಧ ದಾರಿಯಲ್ಲೇ ತಪ್ಪಿದೆ. ಕೇಳಿದ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದಿದ್ದರೂ ಆಗುತ್ತಿತ್ತು. ಯಾವ ಉತ್ತರವೂ ಬರದಿದ್ದಾಗ ಏನು ಮಾಡಬೇಕೆಂದು ಆತ ಬರೆದಿಲ್ಲ. ಪೈಥಾನ್ ಭಾಷೆಯಲ್ಲಿ ಇಂಥ ಕೆಲಸಕ್ಕೆ ವಿದ್ಯಾರ್ಥಿಗಳೆಲ್ಲ ಬಳಸುವ ‘ರಿಕ್ವೆಸ್ಟ್ಸ್’ ಎಂಬ ಸಾಧನಕ್ಕೆ, ನಾವಾಗಿ ಹೇಳದಿದ್ದರೆ ಕಾಲಮಿತಿಯೇ ಇಲ್ಲ. ಎಷ್ಟು ಹೊತ್ತಾದರೂ ಕಾಯುತ್ತದೆ. ಎಷ್ಟೋ ಪ್ರಾಜೆಕ್ಟ್‌ಗಳು ಮುಗ್ಗರಿಸುವುದು ಇಲ್ಲಿಯೇ.

ಹಾಗಾದರೆ ಯಂತ್ರವೇ ತನ್ನ ಸ್ಥಿತಿಯನ್ನು ಕಂಡುಕೊಂಡು ‘ಇದು ಮುಗಿಯುವ ಕೆಲಸವಲ್ಲ’ ಎನ್ನಬಾರದೇ? ಚೂಟಿಯಾದ ಮಕ್ಕಳು ಈ ಪ್ರಶ್ನೆ ಕೇಳುತ್ತಾರೆ. ಇಂದಿನ ಗಣಕಯಂತ್ರ ಹುಟ್ಟುವ ಮೊದಲೇ, 1936ರಲ್ಲಿ, ಇಂಗ್ಲೆಂಡಿನ ತರುಣ ಗಣಿತಜ್ಞ ಅಲನ್ ಟ್ಯೂರಿಂಗ್ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಯಾವ ಪ್ರೋಗ್ರಾಂ ಕೊಟ್ಟರೂ ಅದು ಎಂದಾದರೊಂದು ದಿನ ನಿಲ್ಲುತ್ತದೆಯೋ, ನಿಲ್ಲದೇ ಓಡುತ್ತಲೇ ಇರುತ್ತದೆಯೋ ಎಂದು ತಪ್ಪಿಲ್ಲದೆ ಹೇಳಬಲ್ಲ ಸಾರ್ವತ್ರಿಕ ವಿಧಾನ ಇರಲಾರದು ಎಂದು ಅವರು ಸಾಧಿಸಿ ತೋರಿಸಿದರು. ವೇಗದ ಯಂತ್ರ ಬಂದರೆ ಬಗೆಹರಿಯುವ ತೊಡಕಲ್ಲ ಇದು, ತರ್ಕದ ಮಿತಿಯೇ ಹಾಗೆ. ಆದ್ದರಿಂದ ಗಡಿಯಾರ ನೋಡಿ ತೀರ್ಮಾನಿಸುವುದೊಂದೇ ಬಳಕೆಯ ಮಾರ್ಗ. ಕಾಲಮಿತಿ ಎಂದರೆ ಒಂದು ಅಂದಾಜು. ಅಂದಾಜು ತಪ್ಪಾಗಲೂಬಹುದು. ಎಷ್ಟು ಹೊತ್ತು ಎಂಬ ಪ್ರಶ್ನೆ ಇರುವುದು ಇಲ್ಲಿ, ನಿಜವಾದ ಕಷ್ಟವಿರುವುದೂ ಇಲ್ಲಿಯೇ.

ಸೋಂದಾದವರಿಗೆ ಈ ಪ್ರಶ್ನೆ ಹೊಸದಲ್ಲ. ಅಲ್ಲಿ ಬೃಂದಾವನಸ್ಥರಾಗಿರುವ ವಾದಿರಾಜರು ಉಡುಪಿಯ ಕೃಷ್ಣಪೂಜೆಯ ಸರದಿಯನ್ನು ಬದಲಿಸಿದವರು. ಅದಕ್ಕೆ ಮೊದಲು ಎಂಟು ಮಠಗಳಿಗೆ ಎರಡೆರಡು ತಿಂಗಳಂತೆ ಪೂಜೆಯ ಪಾಳಿ ಬರುತ್ತಿತ್ತು. ವಾದಿರಾಜರು ಅದನ್ನು ಎರಡೆರಡು ವರ್ಷಕ್ಕೆ ಏರಿಸಿದರು. ಹೊಸ ಪದ್ಧತಿ 1522ರಲ್ಲಿ ಆರಂಭವಾಯಿತೆಂದು ಪರಂಪರೆ ಹೇಳುತ್ತದೆ. ಹೀಗೆ ಎಂಟು ಮಠಗಳ ಒಂದು ಸುತ್ತು ಮುಗಿಯಲು 16 ವರ್ಷ. ವಾದಿರಾಜರದೇ ಆದ ಸೋದೆ ಮಠದ ಪಾಳಿ 2012ರ ಜನವರಿಯಲ್ಲಿ ಬಂದು 2014ರ ಜನವರಿಗೆ ಮುಗಿಯಿತು.

ಎಂಟು ಜನಕ್ಕೆ ಒಂದೇ ಕೆಲಸವನ್ನು ಸರದಿಯ ಮೇಲೆ ಹಂಚುವಾಗ ಪಾಳಿಯ ಉದ್ದ ಎಷ್ಟಿರಬೇಕು ಎಂಬುದನ್ನು ಇಂದು ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳಿಗೆ ‘ರೌಂಡ್ ರಾಬಿನ್’ ಎಂಬ ಹೆಸರಿನಲ್ಲಿ ಪಾಠ ಮಾಡುತ್ತಾರೆ. ಪಾಳಿ ತೀರ ಗಿಡ್ಡವಾದರೆ ವಹಿಸಿಕೊಳ್ಳುವುದು, ಒಪ್ಪಿಸುವುದು ಇವೆರಡರಲ್ಲೇ ಹೊತ್ತು ಹೋಗುತ್ತದೆ, ಕೆಲಸ ಸಾಗುವುದಿಲ್ಲ. ತೀರ ಉದ್ದವಾದರೆ ಸಾಲಿನ ಕೊನೆಯವನು ಕಾದು ಕಾದು ಸುಸ್ತಾಗುತ್ತಾನೆ. ಎರಡು ತಿಂಗಳು ಸಾಲದೆಂದು ಎರಡು ವರ್ಷ ಮಾಡಿದಲ್ಲಿ ಈ ತೂಕ ಹಾಕಿದ್ದು ಕಾಣುತ್ತದೆ. ಇನ್ನೊಂದು ಅಂಶವೂ ಗಮನಿಸಬೇಕಾದದ್ದು. ಪಾಳಿ ಮುಗಿಯಿತೆಂದು ಹೇಳುವುದು ಪಂಚಾಂಗ. ಪೀಠದಲ್ಲಿ ಕುಳಿತವರನ್ನು ‘ಮುಗಿಯಿತೇ?’ ಎಂದು ಕೇಳುವ ಪ್ರಸಂಗವೇ ಬರುವುದಿಲ್ಲ.

ಕಾಲಮಿತಿಯನ್ನು ಕಾಯುವವನು ಹೊರಗಿನವನಾಗಿರಬೇಕು ಎಂಬುದಕ್ಕೆ ಬಾಹ್ಯಾಕಾಶದಲ್ಲಿ ದುಬಾರಿಯಾದ ಪಾಠವೊಂದಿದೆ. ಅಮೆರಿಕದ ಕ್ಲೆಮೆಂಟೈನ್ ನೌಕೆ 1994ರಲ್ಲಿ ಚಂದ್ರನ ನಕ್ಷೆ ತೆಗೆಯುವ ಕೆಲಸವನ್ನು ಚೆನ್ನಾಗಿಯೇ ಮುಗಿಸಿ, ಜಿಯೋಗ್ರಾಫೋಸ್ ಎಂಬ ಕ್ಷುದ್ರಗ್ರಹದ ಕಡೆಗೆ ಹೊರಡಬೇಕಿತ್ತು. ಮೇ 7ರಂದು ಅದರ ಗಣಕ ಕೆಟ್ಟು ನಿಂತಿತು. ದಿಕ್ಕು ತಿದ್ದುವ ಪುಟ್ಟ ಎಂಜಿನ್ನುಗಳು ಸುಮಾರು 11 ನಿಮಿಷ ಉರಿಯುತ್ತಲೇ ಇದ್ದು ಅವುಗಳ ಇಂಧನವೆಲ್ಲ ಖಾಲಿಯಾಯಿತು. ನೌಕೆ ಬುಗುರಿಯಂತೆ ತಿರುಗತೊಡಗಿತು, ಕ್ಷುದ್ರಗ್ರಹದ ಭೇಟಿ ತಪ್ಪಿಹೋಯಿತು. ಗಣಕ ಸಿಕ್ಕಿಬಿದ್ದರೆ ಅದನ್ನು ಮತ್ತೆ ಎಬ್ಬಿಸಬಲ್ಲ ಪ್ರತ್ಯೇಕ ಕಾವಲು ಗಡಿಯಾರ ಆ ಯಂತ್ರದಲ್ಲಿತ್ತು. ಅದನ್ನು ಬಳಕೆಗೆ ಹಚ್ಚಿರಲಿಲ್ಲ ಅಷ್ಟೆ.

ಒಳ್ಳೆಯ ಉದಾಹರಣೆ ನಮ್ಮಲ್ಲೇ ಇದೆ. 2001ರ ಮಾರ್ಚ್ 28ರಂದು ಶ್ರೀಹರಿಕೋಟದಲ್ಲಿ ಇಸ್ರೋದ ಮೊದಲ ಜಿಎಸ್‌ಎಲ್‌ವಿ ರಾಕೆಟ್ ಹಾರಬೇಕಿತ್ತು. ಅದರ ಪಕ್ಕಕ್ಕೆ ಕಟ್ಟಿದ ನಾಲ್ಕು ದ್ರವ ಎಂಜಿನ್ನುಗಳು ನಡುವಿನ ದೊಡ್ಡ ಮೋಟಾರಿಗಿಂತ 4.8 ಸೆಕೆಂಡ್ ಮೊದಲು ಹೊತ್ತಿಕೊಳ್ಳುತ್ತವೆ. ನಾಲ್ಕೂ ಬೇಕಾದಷ್ಟು ಬಲ ಕೊಡುತ್ತಿವೆಯೇ ಎಂದು ಆ ಕಿರು ಅವಧಿಯಲ್ಲೇ ಗಣಕ ಅಳೆದು ನೋಡಬೇಕು. ಅಂದು ಒಂದು ಎಂಜಿನ್ ಬಲ ತುಂಬಿಕೊಳ್ಳಲಿಲ್ಲ. ಹಾರಲು ಇನ್ನೊಂದು ಸೆಕೆಂಡ್ ಇರುವಾಗ ಗಣಕ ತಾನೇ ಉಡಾವಣೆಯನ್ನು ನಿಲ್ಲಿಸಿತು. ಟೀವಿಯಲ್ಲಿ ನೋಡುತ್ತಿದ್ದ ದೇಶಕ್ಕೆ ನಿರಾಸೆಯಾಯಿತು, ನಿಜ. ಆದರೆ ರಾಕೆಟ್ ಸುರಕ್ಷಿತವಾಗಿ ಕಟ್ಟೆಯ ಮೇಲೆಯೇ ಉಳಿದಿತ್ತು. ಮೂರು ವಾರಗಳಲ್ಲಿ ದೋಷ ತಿದ್ದಿ ಏಪ್ರಿಲ್ 18ರಂದು ಅದೇ ರಾಕೆಟ್ಟನ್ನು ಹಾರಿಸಿದರು. ‘ಇನ್ನೊಂದು ಚೂರು ನೋಡೋಣ, ಬಂದರೂ ಬಂದೀತು’ ಎಂದು ಕಾಯುವ ಸ್ವಾತಂತ್ರ್ಯವನ್ನು ಆ ಗಣಕಕ್ಕೆ ಕೊಟ್ಟಿರಲಿಲ್ಲ.

ಮತ್ತೆ ಹುಡುಗನ ಮೇಜಿಗೆ ಬರೋಣ. ಅವನು ಎಷ್ಟು ಹೊತ್ತು ಇಡಬೇಕು? ಊಹೆಯಿಂದ ಹೇಳುವ ಬದಲು ಅಳೆದು ನೋಡುವುದು ಮೇಲು. ಪರೀಕ್ಷೆಯೊಂದು ಹತ್ತು ಸಲ ನಡೆದಾಗ ಎರಡರಿಂದ ಐದು ಸೆಕೆಂಡ್ ಹಿಡಿದಿದ್ದರೆ, ಅದಕ್ಕೆ ಆರು ಸೆಕೆಂಡಿನ ಮಿತಿ ಹಾಕುವುದು ಬುದ್ಧಿವಂತಿಕೆಯಲ್ಲ. ಯಂತ್ರ ಬೇರೆ ಕೆಲಸದಲ್ಲಿದ್ದ ದಿನ ಏಳು ಸೆಕೆಂಡ್ ಆಗಿ, ತಪ್ಪಿಲ್ಲದಿದ್ದರೂ ಕೆಂಪು ತೋರಿಸುತ್ತದೆ. ಹೀಗೆ ನಾಲ್ಕು ಸಲ ಸುಳ್ಳು ಕೆಂಪು ಕಂಡವನು ಐದನೆಯ ಸಲ ನಿಜವಾದ ಕೆಂಪನ್ನೂ ನಂಬುವುದಿಲ್ಲ. ‘ಅದು ಹಾಗೇ, ಮತ್ತೊಮ್ಮೆ ಓಡಿಸು’ ಎನ್ನುತ್ತಾನೆ. ಪರೀಕ್ಷೆ ಇಟ್ಟೂ ಇಲ್ಲದಂತಾಗುವುದು ಹೀಗೆ. ಇತ್ತ ಆರು ಗಂಟೆಯ ಮಿತಿ ಹಾಕಿದರೆ ಹಾಕದಂತೆಯೇ. ಸಾಮಾನ್ಯವಾಗಿ ಹಿಡಿಯುವ ಗರಿಷ್ಠ ಹೊತ್ತಿನ ನಾಲ್ಕೈದು ಪಟ್ಟು ಇಟ್ಟರೆ ಬಹಳ ಮಟ್ಟಿಗೆ ಸರಿಹೋಗುತ್ತದೆ. ಹುಡುಗನ ಐದು ಸೆಕೆಂಡಿನ ಪರೀಕ್ಷೆಗೆ ಇಪ್ಪತ್ತು, ಇಪ್ಪತ್ತೈದು ಸೆಕೆಂಡ್.

ಅನುಭವಿಗಳು ಮಾಡಿಟ್ಟ ಸಾಧನಗಳಲ್ಲೂ ಈ ಅಂದಾಜುಗಳು ಬೇರೆ ಬೇರೆ. ಜಾವಾಸ್ಕ್ರಿಪ್ಟ್ ಕಲಿಯುವವರು ಬಳಸುವ ‘ಜೆಸ್ಟ್’ ಪ್ರತಿ ಪರೀಕ್ಷೆಗೆ 5 ಸೆಕೆಂಡ್ ಕೊಡುತ್ತದೆ. ‘ಗೋ’ ಭಾಷೆಯದು ಉದಾರ ಸ್ವಭಾವ, ಒಂದು ಕಟ್ಟಿನ ಪರೀಕ್ಷೆಗಳಿಗೆಲ್ಲ ಸೇರಿ 10 ನಿಮಿಷ. ಗೂಗಲ್ಲಿನಿಂದ ಬಂದ ‘ಬೇಜಲ್’ ಎಂಬ ಬಿಲ್ಡ್ ಸಾಧನ ಪರೀಕ್ಷೆಗಳನ್ನು ಗಾತ್ರದ ಮೇಲೆ ವಿಂಗಡಿಸಿ ಚಿಕ್ಕದಕ್ಕೆ 1 ನಿಮಿಷ, ಮಧ್ಯಮಕ್ಕೆ 5, ದೊಡ್ಡದಕ್ಕೆ 15, ಭಾರೀ ದೊಡ್ಡದಕ್ಕೆ 60 ನಿಮಿಷ ಕೊಡುತ್ತದೆ. ಇವೆಲ್ಲ ನಾವು ಏನೂ ಹೇಳದಿದ್ದಾಗ ಅನ್ವಯವಾಗುವ ಮಿತಿಗಳು. ಬದಲಿಸಿಕೊಳ್ಳಬಹುದು.

ಹಣದ ಲೆಕ್ಕವೂ ಇದರಲ್ಲಿದೆ, ಪಾಲಕರು ಕೇಳಬೇಕಾದ್ದು. ಕಾಲೇಜು ಮಕ್ಕಳು ತಮ್ಮ ಬಿಲ್ಡ್ ಮತ್ತು ಪರೀಕ್ಷೆಗಳನ್ನು ಗಿಟ್‌ಹಬ್‌ನ ದೂರದ ಯಂತ್ರಗಳಲ್ಲಿ ನಡೆಸುವುದುಂಟು. ಎಲ್ಲರಿಗೂ ತೆರೆದಿಟ್ಟ ಕೆಲಸಕ್ಕೆ ಅಲ್ಲಿ ಶುಲ್ಕವಿಲ್ಲ. ಖಾಸಗಿಯಾಗಿಟ್ಟ ಕೆಲಸಕ್ಕೆ ಉಚಿತ ಖಾತೆಯಲ್ಲಿ ತಿಂಗಳಿಗೆ 2000 ನಿಮಿಷ ಮಾತ್ರ. ಅಲ್ಲಿ ನಾವಾಗಿ ಮಿತಿ ಹಾಕದಿದ್ದರೆ ಒಂದು ಕೆಲಸವನ್ನು ನಿಲ್ಲಿಸುವುದು 360 ನಿಮಿಷಗಳ ನಂತರ. ಅಂದರೆ ಎರಡು ನಿಮಿಷದಲ್ಲಿ ಮುಗಿಯಬೇಕಾದ ಪರೀಕ್ಷೆ ಐದು ರಾತ್ರಿ ಸಿಕ್ಕಿಬಿದ್ದರೆ 1800 ನಿಮಿಷ ನೀರಿನಂತೆ ಹರಿದುಹೋಗುತ್ತದೆ, ಆರನೆಯ ರಾತ್ರಿಗೆ ಕೋಟಾ ಮುಗಿದಿರುತ್ತದೆ. ಬಾವಿಯಲ್ಲಿ ನೀರು ತಳ ಕಂಡರೂ ಓಡುತ್ತಲೇ ಇದ್ದು ಮೋಟಾರು ಸುಟ್ಟುಕೊಂಡ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಂಪ್‌ಸೆಟ್ಟಿಗೆ ಟೈಮರ್ ಹಾಕಿಸಿದ ಮನೆಯ ಮಗನೇ ತನ್ನ ಪರೀಕ್ಷೆಗೆ ಹಾಕಲು ಮರೆತಿರುತ್ತಾನೆ.

ಮಿತಿಯನ್ನು ಹಾಕಬೇಕಾದದ್ದು ಒಂದೇ ಕಡೆಯಲ್ಲ. ಸಿಇಟಿ ಬರೆದವರಿಗೆ ಇದು ಬೇಗ ಅರ್ಥವಾದೀತು. ಒಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ತಲಾ ಒಂದು ನಿಮಿಷ 20 ಸೆಕೆಂಡ್. 80 ನಿಮಿಷದ ಮಿತಿಯನ್ನು ಕಾಯಲು ಕೊಠಡಿಯ ಮೇಲ್ವಿಚಾರಕರಿದ್ದಾರೆ. ಆದರೆ ಹದಿನೇಳನೆಯ ಪ್ರಶ್ನೆಯಲ್ಲಿ ಸಿಕ್ಕಿಬಿದ್ದವನನ್ನು ಅವರು ಎಬ್ಬಿಸುವುದಿಲ್ಲ, ಕೊನೆಯ ಗಂಟೆ ಬಾರಿಸಿ ಉತ್ತರಪತ್ರಿಕೆ ಕಿತ್ತುಕೊಳ್ಳುತ್ತಾರೆ ಅಷ್ಟೆ. ಬಿಲ್ಡಿನಲ್ಲೂ ಹೊರಗಿನ ದೊಡ್ಡ ಮಿತಿ ಮಾತ್ರ ಇದ್ದರೆ ಎಲ್ಲೋ ಏನೋ ನಿಂತಿದೆ ಎಂದು ತಿಳಿಯುತ್ತದೆ, ನಿಂತದ್ದು ಯಾವುದೆಂದು ತಿಳಿಯುವುದಿಲ್ಲ. ಪ್ರತಿ ಪರೀಕ್ಷೆಗೆ ಅದರದೇ ಚಿಕ್ಕ ಮಿತಿ ಇದ್ದರೆ ‘173ನೆಯದು’ ಎಂದು ಹೆಸರು ಸಹಿತ ವರದಿ ಬರುತ್ತದೆ, ಉಳಿದ 67ಕ್ಕೂ ಸರದಿ ಸಿಗುತ್ತದೆ. ಒಳಗಿನ ಮಿತಿ ಯಾವಾಗಲೂ ಹೊರಗಿನದಕ್ಕಿಂತ ಮೊದಲು ತೀರಬೇಕು.

ನಿಲ್ಲಿಸುವುದರಲ್ಲೂ ಒಂದು ರೀತಿಯಿದೆ. ಲಿನಕ್ಸ್ ಯಂತ್ರಗಳಲ್ಲಿ ‘ಟೈಮ್‌ಔಟ್’ ಎಂಬ ಹೆಸರಿನ ಪುಟ್ಟ ಆಜ್ಞೆಯೇ ಇದೆ. ಹೊತ್ತು ಮೀರಿದೊಡನೆ ಅದು ‘ಮುಗಿಸು’ ಎಂದು ಸೂಚನೆ ಕೊಡುತ್ತದೆ. ಪ್ರೋಗ್ರಾಂ ತೆರೆದಿಟ್ಟ ಕಡತಗಳನ್ನು ಮುಚ್ಚಿ, ತನ್ನ ಪಾತ್ರೆ ಪಡಗ ಎತ್ತಿಟ್ಟು ಹೊರಬರಲು ಅದರಿಂದ ಅವಕಾಶವಾಗುತ್ತದೆ. ಆ ಮಾತು ಕೇಳದವನಿಗೆ ಇನ್ನಷ್ಟು ಸೆಕೆಂಡ್ ಬಿಟ್ಟು ತಪ್ಪಿಸಿಕೊಳ್ಳಲಾಗದ ಏಟು ಕೊಡುವಂತೆಯೂ ಹೇಳಿಡಬಹುದು. ಸೂಚನೆ ಕೊಟ್ಟು ನಿಲ್ಲಿಸಿದಾಗ ಅದು 124 ಎಂಬ ಸಂಖ್ಯೆಯನ್ನು ಫಲಿತಾಂಶವಾಗಿ ಬಿಟ್ಟುಹೋಗುತ್ತದೆ. ಉತ್ತರ ತಪ್ಪಾಗಿ ಸೋತದ್ದು ಬೇರೆ, ಹೊತ್ತು ಮೀರಿ ಸೋತದ್ದು ಬೇರೆ ಎಂದು ಬೆಳಿಗ್ಗೆ ನೋಡುವವನಿಗೆ ಗೊತ್ತಾಗಲೆಂದು ಈ ಗುರುತು. ‘ಗೋ’ ಭಾಷೆಯ ಪರೀಕ್ಷೆ ಇನ್ನೂ ಒಂದು ಹೆಜ್ಜೆ ಮುಂದೆ. ನಿಲ್ಲುವ ಮೊದಲು ಪ್ರೋಗ್ರಾಮಿನ ಯಾವ ಯಾವ ಭಾಗ ಯಾವ ಸಾಲಿನಲ್ಲಿ ನಿಂತು ಏನಕ್ಕಾಗಿ ಕಾಯುತ್ತಿತ್ತು ಎಂಬ ಪಟ್ಟಿಯನ್ನೇ ಕೊಡುತ್ತದೆ. ಕಾಲಮಿತಿಯಿಂದ ನಿಜವಾಗಿ ಸಿಗುವ ಲಾಭ ಈ ಪಟ್ಟಿ. ಅದನ್ನು ಓದದೆ ಮಿತಿಯನ್ನು 20 ಸೆಕೆಂಡಿನಿಂದ 40ಕ್ಕೆ, 40ರಿಂದ 80ಕ್ಕೆ ಏರಿಸುತ್ತ ಹೋಗುವವರು ಬಹಳ ಜನ.

ಇನ್ನೂ ಒಂದು ಅಭ್ಯಾಸವನ್ನು ವಿದ್ಯಾರ್ಥಿಗಳು ಬಿಡಬೇಕು. ಯಾವುದೋ ಕೆಲಸ ಆಗುವವರೆಗೆ ಕಾಯಬೇಕೆಂದಾಗ ‘30 ಸೆಕೆಂಡ್ ಮಲಗು’ ಎಂದು ಪರೀಕ್ಷೆಯಲ್ಲಿ ಬರೆಯುತ್ತಾರೆ. ಅನ್ನ ಬೆಂದಿದೆಯೇ ಎಂದು ಅಗುಳು ಹಿಚುಕಿ ನೋಡದೆ ಗಡಿಯಾರ ನೋಡಿಯೇ ಇಳಿಸಿದಂತೆ. ಬೇಗ ಬೆಂದರೆ ಹೊತ್ತು ದಂಡ, ತಡವಾದರೆ ಅಕ್ಕಿಯೇ ಬಡಿಸಿದ ಹಾಗೆ. ಅರ್ಧರ್ಧ ಸೆಕೆಂಡಿಗೊಮ್ಮೆ ಇಣುಕಿ ನೋಡು, ಆಗಿದ್ದರೆ ಮುಂದೆ ಹೋಗು, 30 ಸೆಕೆಂಡಾದರೂ ಆಗದಿದ್ದರೆ ಸೋಲೊಪ್ಪು ಎಂದು ಬರೆದರೆ ಅದೇ 30 ಸೆಕೆಂಡ್ ಮಿತಿಯಾಗುತ್ತದೆ, ಹೆಚ್ಚಿನ ದಿನ ಎರಡೇ ಸೆಕೆಂಡಿಗೆ ಕೆಲಸವೂ ಸಾಗುತ್ತದೆ.

ಸೋಂದಾದ ಹುಡುಗ ರಾತ್ರಿ ಹನ್ನೊಂದೂವರೆಗೆ ಆ ಪರೀಕ್ಷೆಯನ್ನು ಕೈಯಾರೆ ನಿಲ್ಲಿಸುತ್ತಾನೆ. ದರ ಕೇಳುವ ಸಾಲಿಗೆ 10 ಸೆಕೆಂಡ್, ಪ್ರತಿ ಪರೀಕ್ಷೆಗೆ 25 ಸೆಕೆಂಡ್, ಇಡೀ ಸಾಲಿಗೆ 10 ನಿಮಿಷ ಎಂದು ಮಿತಿ ಬರೆದು ಮತ್ತೆ ಕೀಲಿ ಒತ್ತುತ್ತಾನೆ. ನೆಟ್‌ವರ್ಕ್ ಇನ್ನೂ ಬಂದಿಲ್ಲ. 173ನೆಯ ಪರೀಕ್ಷೆ ಹತ್ತು ಸೆಕೆಂಡ್ ತಡೆದು ಕೆಂಪಾಗುತ್ತದೆ, ಉಳಿದವು ನಡೆದು ಮುಗಿಯುತ್ತವೆ. ಆದರೆ ಕೆಂಪಿನ ಪಕ್ಕದಲ್ಲಿ ‘ಉತ್ತರ ಬರಲಿಲ್ಲ’ ಎಂಬ ಮಾತಿನ ಬದಲು ಬೇರೆಯೇ ಒಂದು ಸಾಲು. ಬರಬೇಕಾದ ಮೊತ್ತ ಇಷ್ಟು ಸಾವಿರ, ಬಂದ ಮೊತ್ತ ಸೊನ್ನೆ.

ಅವನು ತನ್ನ ಪ್ರೋಗ್ರಾಮಿನ ಆ ಭಾಗವನ್ನು ತೆರೆದು ನೋಡುತ್ತಾನೆ. ದರ ತರುವುದರಲ್ಲಿ ಏನೇ ತೊಂದರೆಯಾದರೂ ದರವನ್ನು ಸೊನ್ನೆ ಎಂದುಕೊಂಡು ಮುಂದೆ ಹೋಗು ಎಂದು, ಎಂದೋ ಅವಸರದಲ್ಲಿ ತಾನೇ ಬರೆದಿಟ್ಟಿದ್ದಾನೆ. ಕೊನೆಯಿಲ್ಲದೆ ಕಾಯುತ್ತಿದ್ದ ಹೊತ್ತಿನಲ್ಲಿ ಆ ಸಾಲಿಗೆ ಪಾಳಿಯೇ ಬಂದಿರಲಿಲ್ಲ. ನೆಟ್‌ವರ್ಕ್ ಕೈಕೊಟ್ಟ ದಿನ ಯಾರಾದರೂ ಹನ್ನೆರಡು ಚೀಲ ಚಾಲಿ ತಂದು ತೂಗಿಸಿದ್ದರೆ ರಸೀತಿಯಲ್ಲಿ ಸೊನ್ನೆ ರೂಪಾಯಿ ಅಚ್ಚಾಗುತ್ತಿತ್ತು. ಅವನು ಆ ಸಾಲನ್ನು ಅಳಿಸಿ, ದರ ಸಿಗದಿದ್ದರೆ ರಸೀತಿ ಹೊರಡದಂತೆ ತಿದ್ದುತ್ತಾನೆ. ಪರೀಕ್ಷೆಯೂ ಅಂತರ್ಜಾಲವನ್ನು ಕಾಯುವ ಅಗತ್ಯ ಬೀಳದಂತೆ, ಒಂದು ದಿನದ ದರಪಟ್ಟಿಯನ್ನು ಕಡತದಲ್ಲಿ ಬರೆದು ಪಕ್ಕದಲ್ಲೇ ಇಡುತ್ತಾನೆ.

ಒಳಗಿನಿಂದ ಮತ್ತೆ ಧ್ವನಿ ಬರುವ ಹೊತ್ತಿಗೆ 240 ಗುರುತುಗಳೂ ಬಿದ್ದಿವೆ. ಹನ್ನೆರಡೂ ಕಾಲು. ಹೊರಗೆ ಮಳೆ ಹಾಗೆಯೇ ಸುರಿಯುತ್ತಿದೆ.